ಕಿವಿ ಹಿಂಡುವವರಿಗೆ ಒಂದು ವಿನಂತಿ

ಮೂವತ್ತು ವರ್ಷ ಕಿವಿ ಹಿಂಡುತ್ತೇನೆಂದು ಬೆದರಿಸಿ ಒಂದು ಕಿವಿಯನ್ನೂ ಮುಟ್ಟದ ಲ್ಯಾಟಿನ್ ಮೇಷ್ಟ್ರಿಗೆ, ಅಂದರೆ ಅಪ್ಪನಿಗೆ,

ಪಾರ್ಶ್ವವಾಯು ಬಡಿದು ನಿಮ್ಮ ಮಾತು ನಿಂತ ಮೇಲೆ ನಿಮ್ಮ ತರಗತಿ ನನ್ನ ತಲೆಗೆ ಬಿದ್ದಿದೆ. ಇವತ್ತು 'ಮಿನಾರಿ' ಪಾಠ. ಬೆದರಿಸುವುದು ಎಂದರ್ಥ. ಈ ಕ್ರಿಯಾಪದದ ರೂಪ ಕರ್ಮಣಿ, ಅಂದರೆ ಪೆಟ್ಟು ತಿಂದವನದು, ಅರ್ಥ ಮಾತ್ರ ಬೆದರಿಸುವವನದು ಎಂದೆ.

"ಥೇಟ್ ನಮ್ಮ ಮೇಷ್ಟ್ರ ಥರಾನೇ ಮಿಸ್!" ಎಂದಿತು ಹಿಂದಿನ ಬೆಂಚು. ಎಲ್ಲರೂ ನಕ್ಕರು. ನಾನು ಬೋರ್ಡು ಒರೆಸುವ ನೆಪದಲ್ಲಿ ತಿರುಗಿ ನಿಂತೆ.

ಈಗ ವಿನಂತಿ. ಈ ಕಾಗದದ ಹಿಂಬದಿ 'ಮಿನಾರಿ'ಯ ಆರು ರೂಪ ಬರೆದು, ಒಂದನ್ನು ಬೇಕೆಂದೇ ತಪ್ಪು ಮಾಡಿದ್ದೇನೆ. ನಿನ್ನೆಯ ಕಾಗದದಲ್ಲೂ ಹಾಗೇ ಮಾಡಿದ್ದೆ. ನೀವು ಸರಿ ಎಂಬಂತೆ ತಲೆಯಾಡಿಸಿಬಿಟ್ಟಿರಿ. ಕೆಂಪು ಪೆನ್ಸಿಲ್ಲು ನಿಮ್ಮ ಎಡಗೈ ಪಕ್ಕದಲ್ಲೇ ಇದೆ. ತಿದ್ದಲಾಗದಿದ್ದರೆ ಪರವಾಗಿಲ್ಲ ಅಪ್ಪಾ, ಒಂದು ಸಲ ನನ್ನನ್ನು ದುರುಗುಟ್ಟಿ ನೋಡಿ.

ಕಿವಿ ಹಿಡಿದುಕೊಂಡೇ ಕಾದಿರುವ,
ನಿಮ್ಮ ದಡ್ಡ ಮಗಳು