ಪಂಚಮ ಕಾಲದಿಂದ ಒಂದು ತಕರಾರು

ದೇವನಹಳ್ಳಿ

ಪೂಜ್ಯ ಮಾತಾಜಿಯವರಿಗೆ ವಂದಾಮಿ.

ಭಾನುವಾರ ಮನೆ ಬಿಟ್ಟು ನಿಮ್ಮಿಂದ ಸನ್ಯಾಸ ದೀಕ್ಷೆ ಪಡೆಯಲಿರುವ ಸುಪ್ರಭಾಳ ತಮ್ಮನಾದ ನನ್ನ ಶಾಸ್ತ್ರೋಕ್ತ ತಕರಾರು ಏನೆಂದರೆ, ಕಾಲಚಕ್ರ ಈಗ ನಮ್ಮೂರ ಮೇಲೆ ಬರೋ ವಿಮಾನದ ಹಾಗೆ ಇಳಿಮುಖ. ನಾವಿರುವುದು ಆರು ಕಾಲಗಳಲ್ಲಿ ಐದನೆಯದಾದ ಪಂಚಮ ಕಾಲ, ಇಲ್ಲಿಂದ ಯಾರಿಗೂ ಮೋಕ್ಷವಿಲ್ಲ ಅಂತ ಪ್ರವಚನದಲ್ಲಿ ನೀವೇ ಅಪ್ಪಣೆ ಕೊಡಿಸಿದಿರಿ. ಇದು ಮುಗಿಯೋಕೇ ಇನ್ನೂ ಹದಿನೆಂಟು ಸಾವಿರ ಚಿಲ್ಲರೆ ವರ್ಷವಿದೆ. ಆರನೆಯ ಕಾಲ ಇದಕ್ಕಿಂತ ಕೆಟ್ಟದ್ದಂತೆ. ಚಕ್ರ ಮತ್ತೆ ಮೇಲೇರುವವರೆಗೆ ಅಕ್ಕ ಮನೆಯಲ್ಲೇ ಕಾದರೆ ಮೋಕ್ಷಕ್ಕೇನೂ ನಷ್ಟವಿಲ್ಲ.

ಇದನ್ನೇ ಅವಳಿಗೂ ಹೇಳಿದೆ. "ಅಷ್ಟು ದೂರ ಇದ್ರೆ ಬೇಗ ಹೊರಡ್ಬೇಕಲ್ವೇನೋ, ಕೋತಿ?" ಅಂದು ನಕ್ಕುಬಿಟ್ಟಳು. ಅಮ್ಮ ಆಗಲೇ ಅವಳ ಚೂಡಿದಾರಗಳನ್ನ ಅತ್ತೆಯ ಮಕ್ಕಳಿಗೆ ಹಂಚ್ತಿದ್ದಾರೆ. ನನ್ನ ಮಾತು ಯಾರ ಹತ್ರಾನೂ ನಡೀತಿಲ್ಲ.

ಆದಕಾರಣ ತಕರಾರು ವಾಪಸ್ಸು. ವಿನಂತಿ ಮಾತ್ರ ಒಂದಿದೆ. ದೀಕ್ಷೆಯ ದಿನ ತಲೆಗೂದಲನ್ನು ಕೈಯಿಂದಲೇ ಕೀಳ್ತಾರಂತೆ. ಬಲಗಿವಿಯ ಹಿಂದೆ ದಯವಿಟ್ಟು ಮೆಲ್ಲಗೆ. ಅಲ್ಲಿ ಅವಳಿಗೆ ತುಂಬಾ ನೋಯುತ್ತೆ. ನಿಮ್ಮೆದುರು ಅವಳು ಬಾಯಿ ಬಿಡಲ್ಲ. ಇಷ್ಟು ವರ್ಷ ಜಡೆ ಎಳೆದವನು ನಾನು, ನನಗೆ ಗೊತ್ತು.

ಇಂತಿ,
ಭಾನುವಾರದವರೆಗೆ ಅವಳ ತಮ್ಮ,
ಜಿನೇಶ