ಗುಂಡ ತೋರಿಸಿದ ದಾರಿ

ರೀ,

ರಾತ್ರಿ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ. ನಾಯಿಯನ್ನು ಬೆಳಗಿನ ವಾಕಿಂಗಿಗೆ ನಾನೇ ಕರೆದುಕೊಂಡು ಹೋದೆ.

ನಾನು ಪಾರ್ಕಿನ ಕಡೆ ಎಳೆದರೆ ನಮ್ಮ ಗುಂಡ ಎಡಕ್ಕೆ ತಿರುಗಿ, ಸೀದಾ ಹೋಗಿ ಬೇಕರಿ ಮೆಟ್ಟಿಲ ಮೇಲೆ ಕೂತ! ಬೇಕರಿಯವನು ಕೇಳುವ ಮೊದಲೇ ಬೆಣ್ಣೆ ಬನ್ನು ಕಟ್ಟಿ ಕೊಟ್ಟ, ಗುಂಡನಿಗೊಂದು ಬಿಸ್ಕತ್ತು ಎಸೆದ. "ಯಾಕಮ್ಮಾ, ಇವತ್ತು ಯಜಮಾನ್ರು ಬರ್ಲಿಲ್ವಾ?" ಅಂದ. ಡಾಕ್ಟರು ದಿನಾ ನಡೆಯಿರಿ ಅಂದದ್ದು ಇಲ್ಲಿಗೇನ್ರೀ?

ತೂಕ ಯಾಕೆ ಇಳಿಯುತ್ತಿಲ್ಲ ಅಂತ ಈಗ ಗೊತ್ತಾಯಿತು, ನಿಮ್ಮದೂ, ಗುಂಡನದೂ. ಮುಂದಿನ ತಪಾಸಣೆಯಲ್ಲೂ ಶುಗರ್ ಹೀಗೇ ಇದ್ದರೆ ದಿನಾ ಸೂಜಿ ಅಂದಿದ್ದಾರೆ, ನೆನಪಿರಲಿ. ನಿಮಗೆ ಜೊತೆಯಾಗಲಿ ಅಂತ ನಾನು ಸಕ್ಕರೆಯಿಲ್ಲದ ಚಹಾವನ್ನು ಮುಖ ಸಿಂಡರಿಸಿಕೊಂಡು ಕುಡಿಯುತ್ತಿದ್ದೇನಲ್ಲ, ನನ್ನ ಬುದ್ಧಿಗಿಷ್ಟು!

ಕುಕ್ಕರಿನಲ್ಲಿ ತರಕಾರಿ ಬೇಯಿಸಿಟ್ಟಿದ್ದೇನೆ. ಉಪ್ಪು ಸಾಲದು ಅನ್ನಬೇಡಿ, ಬೇಕೆಂದೇ ಕಡಿಮೆ ಹಾಕಿದ್ದು. ಕೆಳಗೆ ಹೋದರೆ ಲಿಫ್ಟು ಹತ್ತಬೇಡಿ. ಗುಂಡನ ಮೇಲೆ ರೇಗಬೇಡಿ. ಪಾಪ, ಅವನು ಬಾಯಿ ಬಿಡಲಿಲ್ಲ, ನಡೆದು ತೋರಿಸಿದ ಅಷ್ಟೆ.

ನೀವು ತಿಂದದ್ದಕ್ಕೆ ಅಷ್ಟೇನೂ ಕೋಪವಿಲ್ಲ. ಇಷ್ಟು ದಿನದಲ್ಲಿ ಒಮ್ಮೆಯಾದರೂ ನನಗೊಂದು ತರಬೇಕು ಅನ್ನಿಸಲಿಲ್ಲವಲ್ಲ, ಅದಕ್ಕೆ!

ನಾಳೆಯಿಂದ ನಾನೂ ಬರುತ್ತೇನೆ. ಮೂವರೂ ಪಾರ್ಕಿಗೇ ಹೋಗೋಣ. ಭಾನುವಾರ ಮಾತ್ರ ಒಂದು ಬನ್ನು: ನಿಮಗರ್ಧ, ನನಗರ್ಧ.

ಇವತ್ತಿನ ಬನ್ನಿಗಾಗಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಾಡಬೇಡಿ. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುಗಿದುಹೋಯಿತು.