ಅಳಿಯಂದಿರಿಗೆ ಹೇಳದೇ ಹೋದ ಮಾತು

ಅಪ್ಪಾ,

ನೀವು ಹೋಗಿ ಎರಡು ವರ್ಷವಾಯಿತು. ಈ ಎರಡು ವರ್ಷವೂ ನಿಮ್ಮನ್ನು ಕೊಂದವಳು ನಾನೇ ಎಂದುಕೊಂಡು ಬದುಕಿದ್ದೇನೆ. ನೆಂಟರಿಷ್ಟರೆಲ್ಲ ಹಾಗೇ ಅಂದುಕೊಂಡಿದ್ದಾರೆ. ಮೋಟಾರ್ ಗರಗಸದ ಚೈನನ್ನು ಹರಿತ ಮಾಡುವಾಗ ಮಗಳು ತಪ್ಪಾಗಿ ಅರ ಹಾಕಿದ್ದಳು, ಅದಕ್ಕೇ ಗರಗಸ ಎಗರಿ ಅಪ್ಪನ ತೋಳಿನ ಮೇಲೆ ಬಿತ್ತು, ಐದನೇ ದಿನಕ್ಕೆ ಆಸ್ಪತ್ರೆಯಲ್ಲಿ ನಂಜೇರಿ ಹೋಗಿಬಿಟ್ಟರು ಎಂದು. ಅದು ಸುಳ್ಳು ಎಂದು ನನಗೆ ಗೊತ್ತಾದದ್ದು ಮೊನ್ನೆ ಗುರುವಾರ. ಆ ಸುಳ್ಳನ್ನು ಹುಟ್ಟಿಸಿದವರು ಯಾರು ಎಂದು ಗೊತ್ತಾದದ್ದೂ ಅವತ್ತೇ. ನೀವಿದ್ದಾಗ ನಿಮ್ಮ ಎದುರು ನಿಂತು ಕೇಳುವ ಧೈರ್ಯ ನನಗೆ ಇರಲಿಲ್ಲ. ಈಗ ಬರೆದು ಕೇಳುತ್ತೇನೆ, ನೀವೂ ಎದ್ದು ಹೋಗುವ ಹಾಗಿಲ್ಲ.

ಆ ಗರಗಸ ಮನೆಗೆ ಬಂದ ದಿನ ನೆನಪಿದೆಯೇ? ವಿಜಯನಗರದ ನಮ್ಮ ಬೀದಿಯಲ್ಲಿ ಆಗ ಮೂರೇ ಮನೆ, ಉಳಿದದ್ದೆಲ್ಲ ಖಾಲಿ ಸೈಟು. ಕೆಂಗೇರಿ ಕಡೆಯ ಸಾಮಿಲ್‌ನವರು ಇಂಜಿನ್ ಸುಟ್ಟುಹೋಯಿತು ಎಂದು ಮೂಲೆಗೆ ಎಸೆದಿದ್ದನ್ನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ತಂದಿರಿ. "ಈ ಪೀಡೆ ಯಾಕ್ರೀ ಮನೆಗೆ?" ಅಂದಳು ಅಮ್ಮ. "ಮಳೆಗಾಲದಲ್ಲಿ ಮರ ಬಿದ್ದಾಗ ಗೊತ್ತಾಗುತ್ತೆ ಸುಮ್ನಿರೇ" ಅಂದಿರಿ. ರಾಜಾಜಿನಗರದ ಕಾರ್ಖಾನೆಯಲ್ಲಿ ಹಗಲೆಲ್ಲ ಫಿಟ್ಟರ್ ಕೆಲಸ, ಸಂಜೆ ಹಿತ್ತಲಲ್ಲಿ ಅದರ ಮುಂದೆ. ಎರಡು ತಿಂಗಳಾದ ಮೇಲೆ ಒಂದು ದಿನ ಅದು ಗುರ್ ಎಂದು ಎದ್ದಾಗ ಬೀದಿಯ ನಾಯಿಗಳೆಲ್ಲ ಮಾಗಡಿ ರಸ್ತೆಯ ಕಡೆಗೆ ಓಡಿದವು. ಅವತ್ತು ನೀವು ನಕ್ಕಷ್ಟು ನನ್ನ ಮದುವೆಯಲ್ಲೂ ನಗಲಿಲ್ಲ.

ಗರಗಸದ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನಾಗ ಎಸ್ಸೆಸ್ಸೆಲ್ಸಿ. ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಸಾಲು ಓದಿ ಹೇಳುತ್ತಿದ್ದೆ, ನೀವು ಕಣ್ಣುಮುಚ್ಚಿ ಕೇಳುತ್ತಿದ್ದಿರಿ. ಪಂಚೆ ಉಟ್ಟುಕೊಂಡು ಮುಟ್ಟಬಾರದು. ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಕಾಲಲ್ಲಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. ಚೈನು ಸುತ್ತುವ ಪಟ್ಟಿ ಇದೆಯಲ್ಲ, ಅದರ ಮೂತಿ ಮರಕ್ಕೆ ತಾಗಿತೋ, ಗರಗಸ ಹಿಂದಕ್ಕೆ ಎಗರುತ್ತದೆ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು. ಏಣಿ ಹತ್ತಿ ಕೊಯ್ಯುವ ಮಾತೇ ಇಲ್ಲ. ಕೊನೆಯದು ಬಂದಾಗ ನೀವು ಕಣ್ಣು ಬಿಟ್ಟು, "ಸತ್ರೂ ಏಣಿ ಹತ್ತಬಾರದು, ಹಂಗೇ ಬರ್ಕೋ" ಅಂದಿರಿ. ಹಾಗೇ ಬರೆದುಕೊಂಡೆ. ಆ ನೋಟ್‌ಬುಕ್ಕು ಇನ್ನೂ ಇದೆ, ಅಪ್ಪ. ಓದಿ ಹೇಳಲೇ?

ಅರ ಹಾಕುವುದನ್ನು ಕಲಿಸಿದ್ದೂ ನೀವೇ. ನಿಮಗೆ ಕನ್ನಡಕ ಬಂದಿತ್ತು, ಬೆರಳೂ ದಪ್ಪ. "ನಿನ್ನ ಕೈ ಅಲ್ಲಾಡಲ್ಲ ಕಣಮ್ಮ, ನೀನೇ ಹಾಕು" ಎಂದು ದುಂಡನೆಯ ಅರವನ್ನು ನನ್ನ ಕೈಗೆ ಕೊಟ್ಟಿರಿ. ಒಂದು ಹಲ್ಲಿಗೆ ಐದು ಸಲ, ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯಬಾರದು. ಒಂದು ಹಲ್ಲಿಗೆ ಐದಾದರೆ ಎಲ್ಲದಕ್ಕೂ ಐದೇ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ದಿಣ್ಣೆ ಇರುತ್ತದೆ, ಅದನ್ನು ಅಳೆಯಲು ಕಾರ್ಖಾನೆಯ ಗುಜರಿ ತಗಡಿನಲ್ಲಿ ಒಂದು ಅಳತೆಪಟ್ಟಿ ಮಾಡಿಕೊಂಡು ಬಂದಿರಿ. "ಈ ದಿಣ್ಣೆ ಜಾಸ್ತಿ ತಗ್ಗಿದ್ರೆ ಹಲ್ಲು ಹಸಿದ ನಾಯಿ ಥರ ಮರಕ್ಕೆ ಬಾಯಿ ಹಾಕುತ್ತೆ, ಆಮೇಲೆ ಯಾರ ಕೈಗೂ ಸಿಗಲ್ಲ" ಅಂದಿರಿ. ಆಮೇಲಿನ ಎಲ್ಲ ಶನಿವಾರವೂ ಅರ ಹಾಕುವುದು, ಚೈನಿನ ಬಿಗಿ ನೋಡುವುದು, ಪಟ್ಟಿಯ ಸಂದಿನ ಹೊಟ್ಟು ಕೆದಕುವುದು, ಎಣ್ಣೆ ತುಂಬುವುದು ಎಲ್ಲ ನನ್ನದೇ. ಓಡಿಸಲು ಮಾತ್ರ ಕೊಡಲಿಲ್ಲ. "ಹೆಣ್ಣುಮಗು, ಕೈಗೆ ಏನಾದ್ರೂ ಆದ್ರೆ ಯಾರು ಮದ್ವೆ ಆಗ್ತಾರೆ?" ಅಂದಿರಿ. ನನ್ನ ಕೈ ಅಷ್ಟು ಬೆಲೆಯದ್ದಾಗಿತ್ತು ಆಗ.

ಒಂದು ಸಲ ಇಂಜಿನ್ ಬಿಸಿಯಿರುವಾಗಲೇ ಪೆಟ್ರೋಲ್ ಹಾಕಲು ಹೋಗಿ ಚೆಲ್ಲಿದ್ದೆ. ಕೆನ್ನೆಗೆ ಬಾರಿಸಿದಿರಿ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ನನಗೆ ಬೇಸರವಾಗಲಿಲ್ಲ, ಬೆಂಕಿ ಹತ್ತಿಕೊಂಡಿದ್ದರೆ ನಾನೇ ಇರುತ್ತಿರಲಿಲ್ಲ. ಆದರೆ ನನ್ನ ಮದುವೆಯಾದ ವರ್ಷ ಏನಾಯಿತು? ನನ್ನ ಗಂಡ ರಾಜಾಜಿನಗರದಿಂದ ಬಂದವರು ಗರಗಸ ನೋಡಿ ಹುರುಪುಗೊಂಡು, ಪೆಟ್ರೋಲಿಗೆ ಆಯಿಲ್ ಬೆರೆಸದೇ ತುಂಬಿ ಓಡಿಸಿದರು. ಇಂಜಿನ್ ಕಾದು ಹಿಡಿದುಕೊಂಡು ನಿಂತೇಬಿಟ್ಟಿತು. ನೀವು ಬೈದೇ ಬೈಯುತ್ತೀರಿ ಎಂದುಕೊಂಡೆ. "ಪರವಾಗಿಲ್ಲ ಬಿಡಿ ಅಳಿಯಂದಿರೇ, ಹಳೇ ಮಿಷನ್ನು" ಎಂದು ನಗುತ್ತಾ ಅವರ ಕೈಗೆ ಟವೆಲ್ ಕೊಟ್ಟಿರಿ. ಮೂರು ಭಾನುವಾರ ಕೂತು ರಿಪೇರಿ ಮಾಡಿದಿರಿ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು ಎಂದು ನಾನಾದರೂ ಹೇಳಲು ಹೋದರೆ, "ನೀನು ಬಾಯಿ ಹಾಕ್ಬೇಡ. ಅವರು ಮನಸ್ಸಿಗೆ ಹಚ್ಕೊಂಡ್ರೆ ಕಷ್ಟ" ಎಂದು ಪಕ್ಕಕ್ಕೆ ಕರೆದು ಹೇಳಿದಿರಿ. ಅಲ್ಲಿಂದಾಚೆಗೆ ಅವರು ಬರುವ ಮೊದಲೇ ನೀವೇ ಆಯಿಲ್ ಬೆರೆಸಿ ಡಬ್ಬ ಸಿದ್ಧವಾಗಿಡುತ್ತಿದ್ದಿರಿ. ತಪ್ಪನ್ನು ಹೇಳುವುದಕ್ಕಿಂತ ನಿಮಗೆ ಅದು ಸುಲಭವಾಯಿತು.

ಆ ಭಾನುವಾರದ ಬೆಳಿಗ್ಗೆ... ಸೈಟುಗಳಾಗುವ ಮುಂಚಿನ ತೋಟದ ಕಾಲದ ಹಲಸು ನಮ್ಮ ಹಿತ್ತಲಲ್ಲಿತ್ತಲ್ಲ, ಅದರ ಒಂದು ಕೊಂಬೆ ಅಡುಗೆಮನೆಯ ಶೀಟಿನ ಮೇಲೆ ಬಾಗಿತ್ತು. ನೀವು ಕೈಗರಗಸದಲ್ಲಿ ನಿಧಾನವಾಗಿ ಕೊಯ್ಯೋಣ ಎಂದು ಹಗ್ಗ ಕಟ್ಟಿದ್ದಿರಿ. "ಇಷ್ಟಕ್ಕೆಲ್ಲ ಅರ್ಧ ದಿನ ಯಾಕೆ ಮಾವ, ನಾನು ಎರಡು ನಿಮಿಷದಲ್ಲಿ ಮುಗಿಸ್ತೀನಿ" ಎಂದು ಇವರು ಬೆಲ್‌ಬಾಟಮ್ಮಿನಲ್ಲೇ ಗರಗಸ ಎತ್ತಿಕೊಂಡರು. ನಾನು ನಿಮ್ಮ ಮುಖ ನೋಡಿದೆ. ನೀವು ನನ್ನ ಮುಖ ನೋಡಿದಿರಿ. "ಸರೋಜಾ, ಒಳಗೋಗಿ ಕಾಫಿ ಮಾಡು" ಅಂದಿರಿ. ನಾನು ಹೋದೆ, ಇವರು ಎಲ್ಲಿ ನಿಂತು ಕೊಯ್ದರು ಎಂದು ನೋಡಲಿಲ್ಲ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅಮ್ಮ ಕೂಗಿದ್ದು ಕೇಳಿಸಿತು. ಬಂದು ನೋಡಿದರೆ ನೀವು ಮರಕ್ಕೆ ಒರಗಿ ಕೂತಿದ್ದಿರಿ, ತೋಳಿಗೆ ಸುತ್ತಿದ ಟವೆಲ್ ಪೂರ್ತಿ ಕೆಂಪಾಗಿತ್ತು. ಆ ಸ್ಥಿತಿಯಲ್ಲೂ "ಅಳಿಯಂದಿರಿಗೆ ಏನೂ ಆಗಿಲ್ವಲ್ಲ?" ಎಂದು ಕೇಳುತ್ತಿದ್ದಿರಿ.

ಆಸ್ಪತ್ರೆಯಲ್ಲಿ ಮೂರನೇ ದಿನ ಅಮ್ಮ ನಿಮ್ಮ ವಾರ್ಡಿನಿಂದ ಹೊರಗೆ ಬಂದು, ಕಾರಿಡಾರಿನಲ್ಲಿ ನಿಂತಿದ್ದ ಎಲ್ಲರ ಎದುರು, ತಲೆ ಬಗ್ಗಿಸಿಕೊಂಡೇ ಹೇಳಿದಳು, "ಅರ ಹಾಕಿದ್ದು ಸರಿಯಿರ್ಲಿಲ್ವಂತೆ. ದಿಣ್ಣೆ ಜಾಸ್ತಿ ತಗ್ಗಿತ್ತಂತೆ. ಅದಕ್ಕೇ ಎಗರ್ತಂತೆ." ಯಾರೂ ನನ್ನನ್ನು ಬೈಯಲಿಲ್ಲ. ಸುಮ್ಮನೆ ತಿರುಗಿ ನೋಡಿದರು. ನಾನು ನಂಬಿದೆ, ಅಪ್ಪ. ಕೊಂಬೆ ಕೊಯ್ಯುವ ಹಿಂದಿನ ದಿನ, ಶನಿವಾರ, ತವರಿಗೆ ಬಂದು ಅರ ಹಾಕುವಾಗ ಮೋಡ ಕವಿದಿತ್ತು, ಬೆಳಕು ಸಾಲದಾಗಿತ್ತು, ಯಾವುದೋ ಒಂದು ಹಲ್ಲಿಗೆ ಐದರ ಬದಲು ಏಳು ಸಲ ಆಗಿರಬಹುದು, ಅಳತೆಪಟ್ಟಿ ಸರಿಯಾಗಿ ಕೂತಿತ್ತೋ ಇಲ್ಲವೋ... ನಾನೇ ನನ್ನ ವಿರುದ್ಧ ಸಾಕ್ಷಿ ಹುಡುಕಿಕೊಂಡೆ. ನಿಮ್ಮ ಮಂಚದ ಹತ್ತಿರ ಬಂದು ಕ್ಷಮಿಸಿ ಎಂದಾಗ ನೀವು ಗೋಡೆಯ ಕಡೆಗೆ ತಿರುಗಿದಿರಿ. ಸಿಟ್ಟು ಎಂದುಕೊಂಡೆ.

ಗಂಡನ ಮನೆಯಲ್ಲಿ ಮಾತ್ರ ನನ್ನನ್ನು ಚೆನ್ನಾಗಿ ನೋಡಿಕೊಂಡರು, ಅದನ್ನೂ ಕೇಳಿ. ಯಾರಾದರೂ ಬಂದು ನಿಮ್ಮ ವಿಷಯ ತೆಗೆದರೆ ಇವರು, "ಪಾಪ, ಬೇಕಂತ ಮಾಡಿದ್ದಲ್ಲ ಬಿಡಿ" ಅನ್ನುತ್ತಿದ್ದರು. ಆ ದೊಡ್ಡ ಮನಸ್ಸಿಗೆ ನಾನು ಎರಡು ವರ್ಷ ತಲೆ ತಗ್ಗಿಸಿ ನಡೆದೆ. ಅತ್ತೆ ನನಗೆ ಈಳಿಗೆ ಮಣೆ ಕೊಡುತ್ತಿರಲಿಲ್ಲ. "ಅವಳ ಕೈಗೆ ಹರಿತದ್ದು ಬೇಡ" ಎಂದು ಹುರುಳಿಕಾಯಿಯನ್ನೂ ತಾವೇ ಹೆಚ್ಚುತ್ತಿದ್ದರು. ಅಲ್ಲಾಡದ ಕೈ ಅಂದಿರಲ್ಲ, ಅದು ಸಾರು ಬಡಿಸುವಾಗಲೂ ನಡುಗಲು ಶುರುವಾಯಿತು.

ಮೊನ್ನೆ ಗುರುವಾರ ಇವರು, "ನಿಮ್ಮಮ್ಮನ ಮನೆ ಹಲಸಿನ ಕೊಂಬೆ ಹಂಗೇ ಇದೆಯಲ್ಲ, ಈ ಭಾನುವಾರ ತೆಗೆದುಬಿಡ್ತೀನಿ. ಗರಗಸ ಹೊರಗೆ ತೆಗೆದಿಡು. ಚೈನು ಮಾತ್ರ ನೀನು ಮುಟ್ಬೇಡ, ಹೊರಗಡೆ ಅರ ಹಾಕಿಸ್ತೀನಿ" ಅಂದರು. ನಾನು ವಿಜಯನಗರಕ್ಕೆ ಬಂದು ಗೋಣಿಚೀಲ ಬಿಚ್ಚಿದೆ. ಅವತ್ತಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಚೈನು ತುಕ್ಕು ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದೆ. ನನ್ನ ತಪ್ಪು ಯಾವ ಹಲ್ಲಿನಲ್ಲಿದೆ ಎಂದು ಒಂದು ಸಲವಾದರೂ ಕಣ್ಣಾರೆ ನೋಡಬೇಕೆನಿಸಿತು. ನೀವು ಮಾಡಿದ ಅಳತೆಪಟ್ಟಿ ಇಟ್ಟು ಒಂದೊಂದಾಗಿ ನೋಡಿದೆ. ಎಲ್ಲ ಸರಿಯಾಗಿತ್ತು. ಇನ್ನೊಂದು ಸುತ್ತು ನೋಡಿದೆ. ಒಂದು ದಿಣ್ಣೆಯೂ ತಗ್ಗಿರಲಿಲ್ಲ, ಒಂದು ಹಲ್ಲೂ ಗಿಡ್ಡವಿರಲಿಲ್ಲ.

ಚೈನನ್ನು ತಟ್ಟೆಯಲ್ಲಿಟ್ಟುಕೊಂಡು ಅಮ್ಮನ ಮುಂದೆ ಕೂತೆ. ಅವಳು ಚೈನು ನೋಡಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು. ಇವರು ಏಣಿ ಹತ್ತಿ, ಗರಗಸವನ್ನು ತಲೆಗಿಂತ ಮೇಲೆ ಎತ್ತಿ ಕೊಯ್ಯುತ್ತಿದ್ದರಂತೆ. ಪಟ್ಟಿಯ ಮೂತಿ ಪಕ್ಕದ ಕೊಂಬೆಗೆ ತಗುಲಿ ಗರಗಸ ಎಗರಿತಂತೆ. ಏಣಿಯನ್ನು ಹಿಡಿದುಕೊಂಡು ಕೆಳಗೆ ನಿಂತಿದ್ದವರು ನೀವಂತೆ. ಆಸ್ಪತ್ರೆಯಲ್ಲಿ ಅಮ್ಮನನ್ನು ಹತ್ತಿರ ಕರೆದು ನೀವೇ ಹೇಳಿದ್ದಂತೆ, "ಚೈನಿನ ಮೇಲೆ ಹಾಕ್ಬಿಡು. ಅಳಿಯಂದಿರ ಕೈ ತಪ್ಪು ಅಂತ ಆದ್ರೆ ಹುಡುಗಿ ಆ ಮನೇಲಿ ಹೆಂಗೆ ಬಾಳ್ತಾಳೆ? ಅವರಿಗೂ ಹಂಗೇ ಹೇಳಿದೀನಿ" ಎಂದು. ಅಮ್ಮ ನನ್ನ ಕೈ ಹಿಡಿದುಕೊಂಡು, "ನಿನ್ನ ಒಳ್ಳೇದಕ್ಕೇ ಕಣೇ" ಅಂದಳು.

ನನ್ನ ಒಳ್ಳೆಯದಕ್ಕೆ. ಅಪ್ಪ, ಆ ಕೈಗೆ ಅರ ಕೊಟ್ಟವರು ನೀವು. ಅದು ತಪ್ಪುವುದಿಲ್ಲ ಎಂದು ಜಗತ್ತಿನಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಅದು ನಿಮಗೆ. ಅಳಿಯನಿಗೆ ಮುಜುಗರವಾಗಬಾರದೆಂದು ಏಣಿ ಹಿಡಿದಿರಿ, ಸಾಯುವಾಗಲೂ ಅವರಿಗೆ ಮುಜುಗರವಾಗಬಾರದೆಂದು ನನ್ನನ್ನು ಬಲಿ ಕೊಟ್ಟಿರಿ. ನಾನು ಕ್ಷಮೆ ಕೇಳಿದಾಗ ಗೋಡೆಯ ಕಡೆ ತಿರುಗಿದಿರಲ್ಲ, ಆಗ ಒಂದು ಮಾತು, ಕಿವಿಯಲ್ಲಾದರೂ... ಹೇಳಿದ್ದರೆ ನಾನು ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಿದ್ದೆ. ನಿಮ್ಮ ಮೇಲೆ ಇಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ಇನ್ನೂ ಇಳಿದಿಲ್ಲ.

ನಿನ್ನೆ ಭಾನುವಾರ ಇವರು ಅದೇ ಜಾಗಕ್ಕೆ ಏಣಿ ಇಟ್ಟರು. ಸುಳ್ಳು ಹೇಳಿ ಇವರನ್ನು ಉಳಿಸಿದೆ ಎಂದು ನೀವು ಅಂದುಕೊಂಡಿರೇನೋ. ಇವರು ಏನನ್ನೂ ಕಲಿತಿರಲಿಲ್ಲ, ಚೈನು ಬೇರೆಯವರ ಕೈಯಲ್ಲಿ ಅರ ಹಾಕಿಸಿದರೆ ಸಾಕು ಎಂದುಕೊಂಡಿದ್ದರು. ಮೂರು ಮೆಟ್ಟಿಲು ಹತ್ತಿ, "ಬಾ, ಏಣಿ ಹಿಡ್ಕೋ" ಎಂದು ನನ್ನನ್ನು ಕರೆದರು. ನಾನು ಬೆಳಿಗ್ಗೆಯೇ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟಿದ್ದೆ. ಮೂರು ಸಲ ಸ್ಟಾರ್ಟ್ ಮಾಡುವ ಹಗ್ಗ ಎಳೆದರೂ ಗರಗಸ ಎದ್ದೇಳಲಿಲ್ಲ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಮೇಷ್ಟ್ರು ನಿಂತಿದ್ದರು, ಅವರ ಮನೆಯವರೂ ಇದ್ದರು. ಇದ್ದರೆ ಇರಲಿ ಎಂದು ಹೇಳಿಬಿಟ್ಟೆ.

"ಇಳೀರಿ. ಅವತ್ತು ಎಗರಿದ್ದು ನಾನು ಅರ ಹಾಕಿದ್ದಕ್ಕಲ್ಲ. ನೀವು ಏಣಿ ಮೇಲೆ ನಿಂತು ತಲೆ ಮೇಲೆ ಎತ್ತಿ ಕೊಯ್ದಿದ್ದಕ್ಕೆ. ನೀವು ಅರ ಹಾಕಿಸೋಕೆ ಮುಂಚೇನೇ ಚೈನು ಅಳೆದು ನೋಡಿದೀನಿ, ಎಲ್ಲ ಸರಿಯಾಗಿತ್ತು."

ಇವರು ನನ್ನ ಮಾತು ಬಿಟ್ಟು ಅಮ್ಮನ ಕಡೆ ನೋಡಿದರು. ಇಷ್ಟು ವರ್ಷ ಅಳಿಯನ ಎದುರು ಬಾಗಿಲ ಹಿಂದೆ ನಿಂತೇ ಮಾತಾಡಿದ ಅಮ್ಮ, ಹಿತ್ತಲ ಮೆಟ್ಟಿಲು ಇಳಿದು ಬಂದು, "ಹೌದು" ಅಂದಳು.

ಇವರು ಇಳಿದರು. ಒಗೆಯುವ ಕಲ್ಲಿನ ಮೇಲೆ ಕೂತರು. ಕಿರುಚಾಡುತ್ತಾರೆ ಎಂದುಕೊಂಡಿದ್ದೆ, ಮನೆ ಬಿಟ್ಟು ಹೋಗು ಅನ್ನುತ್ತಾರೆ ಎಂದೂ ಅಂದುಕೊಂಡಿದ್ದೆ. ಗಂಟುಮೂಟೆ ಕಟ್ಟುವುದಕ್ಕೂ ಸಿದ್ಧವಾಗಿದ್ದೆ. ಇವರು ಮೆಲ್ಲಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಇದೊಂದನ್ನು ನಿಮಗೆ ಮುಟ್ಟಿಸಲೆಂದೇ ಈ ಕಾಗದ.

"ನಂಗೇನು ಗೊತ್ತಿತ್ತು ಸರೋಜ? ಏಣಿ ಮೇಲೆ ನಿಂತಾಗ ನಂಗೂ ಒಂಥರಾ ಭಯ ಆಯ್ತು. ಹಿಂಗೆ ಮೇಲೆತ್ತಿ ಕೊಯ್ಬೋದಾ ಮಾವ ಅಂತ ಕೇಳ್ದೆ. ನಿಮಗೆ ತಿಳಿದ ಹಾಗೆ ಮಾಡಿ ಅಂದ್ರು. ಬೇಡ ಅಂದಿದ್ರೆ ಇಳಿದುಬಿಡ್ತಿದ್ದೆ ಕಣೇ."

ಸರೋಜ